ನುಚ್ಚಿಗೆ ಮಾರಿದವನ ಹುಟ್ಟಿನ ನಕಲು

ತಮ್ಮನಿಗೆ ಲೈನ್‌ಮನ್ ಕೆಲಸಕ್ಕೆ ಕರೆ ಬಂದಿತ್ತು. ಹಾಜರಾಗಲು ಮೂವತ್ತು ದಿನದ ಗಡುವು. ಅದೇ ಕಾಗದದ ಕೆಳಗೆ ಇನ್ನೊಂದು ಸಾಲಿತ್ತು: ಶಾಲೆಯ ದಾಖಲೆಯಂತೆ ಅಭ್ಯರ್ಥಿಯ ವಯಸ್ಸು ಮಿತಿಯನ್ನು ಐದು ತಿಂಗಳು ಮೀರಿದೆ, ಇದು ತಪ್ಪಾಗಿದ್ದಲ್ಲಿ ಜನನ ನೋಂದಣಿಯ ದೃಢೀಕೃತ ನಕಲನ್ನು ಹಾಜರುಪಡಿಸಬೇಕು, ಇಲ್ಲವಾದರೆ ಈ ಕರೆ ರದ್ದಾಗುತ್ತದೆ.

ತಪ್ಪಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಶಾಲೆಗೆ ಕರೆದುಕೊಂಡು ಹೋದವಳು ನಾನೇ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ಎಂದು ಮೇಷ್ಟ್ರು ಬರೆದುಕೊಳ್ಳುತ್ತಿದ್ದ ಕಾಲ ಅದು. ತಮ್ಮನ ಕೈ ಉದ್ದ. ನಾಲ್ಕೂವರೆ ವರ್ಷಕ್ಕೇ ಮುಟ್ಟಿದ. ಮನೆಯಲ್ಲಿ ಅವನ ಕಾಟ ತಪ್ಪಿದರೆ ಸಾಕೆಂದು ನಾನೂ ಸುಮ್ಮನಿದ್ದೆ. ಆ ಒಂದೂವರೆ ವರ್ಷ ಈಗ ಎದುರು ಬಂದು ನಿಂತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಅರಸೀಕೆರೆಯ ಕಡೆ ಸರಕಾರಿ ನರ್ಸ್ ಆಗಿದ್ದೆ. ತರಬೇತಿಯ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು ಅಭ್ಯಾಸವಾಗಿತ್ತು. ಕೆಲಸಕ್ಕೆ ಸೇರಿದ ಮೇಲೂ ಹಾಗೇ ನಡೆದುಕೊಂಡೆ. ಹಳ್ಳಿಹಳ್ಳಿ ತಿರುಗಿ ಬಾಣಂತಿಯರನ್ನು ನೋಡುವುದು, ಹುಟ್ಟಿದ ಮಕ್ಕಳನ್ನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ದಿನ ತಪ್ಪು ಹೇಳಿದವರನ್ನು, ಹೆಸರು ಮರೆಮಾಡಿದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಹಾಗಾಗಿ ತಮ್ಮನ ಕಾಗದ ನೋಡಿದಾಗ ನನಗೆ ಗಾಬರಿಯಾಗಲಿಲ್ಲ. ಸೋಮವಾರ ಅರ್ಜಿ, ಗುರುವಾರ ನಕಲು, ಶುಕ್ರವಾರ ಅಂಚೆಗೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಬಂದು, ಅಲ್ಲಿಂದ ಊರಿಗೆ ಹೋಗಿ, ಮರುದಿನ ತಮ್ಮನನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅರ್ಜಿಯಲ್ಲಿ ಅಪ್ಪನ ಹೆಸರು, ಊರು, ಇಸವಿ ಬರೆದು, ಸ್ಟಾಂಪು ಹಚ್ಚಿ ಕೊಟ್ಟೆ.

ಗುರುವಾರ ನಕಲು ಸಿಗಲಿಲ್ಲ. ಹಿಂಬರಹ ಸಿಕ್ಕಿತು: "ಸದರಿ ಹೆಸರಿನಲ್ಲಿ ಸದರಿ ಸಾಲಿನಲ್ಲಿ ಜನನದ ನಮೂದು ಕಂಡುಬಂದಿಲ್ಲ."

ನಾನು ನೇರವಾಗಿ ರೆಕಾರ್ಡ್ ರೂಮಿಗೆ ಹೋದೆ. ಅಲ್ಲಿನ ಗುಮಾಸ್ತರು ವಯಸ್ಸಾದವರು, ನಶ್ಯದ ಡಬ್ಬಿಯನ್ನು ಎಡಗೈಯಿಂದ ಬಿಡದವರು. ಕೆಂಪು ಬಟ್ಟೆಯ ಗಂಟುಗಳ ನಡುವೆ ಕುಳಿತಿದ್ದರು. ನನ್ನ ಮುಖ ನೋಡಿಯೇ ಗಂಟು ಬಿಚ್ಚಿದರು.

"ಅಕ್ಕಾರ, ನಾ ಸುಳ್ಳು ಬರದಿಲ್ಲ. ನೀವ ನೋಡ್ರಿ. ನಿಮ್ಮಪ್ಪನ ಹೆಸರಿನ್ಯಾಗ ಮೂರು ಹುಟ್ಟು, ಎರಡು ಸಾವು ಅದಾವ. ಹೆಣ್ಣು ಒಂದು, ಅದು ನೀವು. ಗಂಡು ಎರಡು, ಎರಡೂ ತೀರಿ ಹೋಗ್ಯಾವ. ನಾಕನೇದು ಇಲ್ಲ. ಸರಕಾರದ ಲೆಕ್ಕದಾಗ ನಿಮ್ಮ ತಮ್ಮ ಹುಟ್ಟೇ ಇಲ್ಲ."

"ಹುಟ್ಟದವ ಹೊತ್ತಿಗೆ ಎಂಟು ರೊಟ್ಟಿ ತಿಂತಾನೇನ್ರಿ?" ಎಂದೆ.

ಬಾಗಿಲಲ್ಲಿ ನಿಂತಿದ್ದ ತಮ್ಮ, "ಏಳು, ಅಕ್ಕ. ಒಂದು ಹೆಚ್ಚಿಗಿ ಹೇಳಬ್ಯಾಡ, ಇಲ್ಲಿ ಎಲ್ಲಾ ಬರಕೊಂತಾರ" ಎಂದ. ಗುಮಾಸ್ತರು ನಕ್ಕು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಶಾನುಭೋಗರ ಕೈಬರಹ, ಕಂದುಬಣ್ಣಕ್ಕೆ ತಿರುಗಿದ ಮಸಿ. ಆಗೆಲ್ಲ ಕೂಸಿನ ಹೆಸರು ಬರೆಯುತ್ತಿರಲಿಲ್ಲ. ಗಂಡೋ ಹೆಣ್ಣೋ, ತಂದೆ ಯಾರು, ತಾಯಿ ಯಾರು, ಇಷ್ಟೇ. ತಮ್ಮ ಹುಟ್ಟಿದ ತಿಂಗಳಿನ ಪುಟವನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದೆ. ನಮ್ಮ ಓಣಿಯಲ್ಲಿ ಆ ತಿಂಗಳು ಹುಟ್ಟಿದ್ದು ಒಂದೇ ಕೂಸು. ಗಂಡು. ತಂದೆಯ ಹೆಸರಿನ ಕಡೆ ಇದ್ದದ್ದು ನಮ್ಮ ಪಕ್ಕದ ಮನೆಯ ಕಲಾಯಿ ಸಾಹೇಬರ ಹೆಸರು. ಪಾತ್ರೆಗಳಿಗೆ ಕಲಾಯಿ ಹಾಕಿ ಜೀವನ ಮಾಡಿದವರು ಅವರು, ಈಗ ಇಲ್ಲ. ತಾಯಿಯ ಹೆಸರಿನ ಕಡೆ ಅವರ ಹೆಂಡತಿ, ನಾವು ಬೂಬಮ್ಮ ಎಂದು ಕರೆಯುತ್ತಿದ್ದವರು. ಬೂಬಮ್ಮನಿಗೆ ಮಕ್ಕಳಾಗಿರಲೇ ಇಲ್ಲ.

ನನ್ನ ಬೆರಳು ಅಲ್ಲೇ ನಿಂತಿತು. ಏನಾಗಿದೆ ಎಂದು ಆ ಕ್ಷಣವೇ ತಿಳಿಯಿತು.

ತಮ್ಮನನ್ನು ಮಾರಿದ್ದನ್ನು ನಾನೇ ನೋಡಿದ್ದೆ. ಆಗ ನನಗೆ ಹತ್ತು ವರ್ಷ. ಎರಡು ಗಂಡು ಕೂಸುಗಳು ಹೋದ ಮೇಲೆ ಹುಟ್ಟಿದವನು ಅವನು. ನಮ್ಮ ಕಡೆ ಹಾಗೆ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿಗೆ ಇಡುತ್ತಾರೆ. ನೆರೆಯವರು ಯಾರಾದರೂ ಬಂದು ಒಂದು ಬೊಗಸೆ ನುಚ್ಚು ಕೊಟ್ಟು ಕೊಂಡುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಕೂಸು ಅವರದು, ಹೆತ್ತವಳು ಹಾಲು ಕೊಟ್ಟು ಸಾಕುವವಳು ಮಾತ್ರ. ಈ ಮನೆಯಲ್ಲಿ ಮಕ್ಕಳಿಲ್ಲ ಎಂದುಕೊಂಡು ಸಾವು ಮುಂದೆ ಹೋಗಲಿ ಎಂದು. ಬೂಬಮ್ಮ ಜೋಳದ ನುಚ್ಚು ತಂದು ಸುರಿದು ಕೂಸನ್ನು ಎತ್ತಿಕೊಂಡದ್ದು ನನಗೆ ನೆನಪಿದೆ. ಅಂಥ ಮಕ್ಕಳು ಪ್ರತಿ ಓಣಿಯಲ್ಲೂ ಒಬ್ಬಿಬ್ಬರಿದ್ದರು. ದೊಡ್ಡವರಾದ ಮೇಲೆ ಅದು ನಗುವ ಮಾತು. ಆದರೆ ನಮ್ಮವ್ವ ಮಾರಿದ್ದನ್ನು ಸರಕಾರಕ್ಕೂ ಹೇಳಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಗುಮಾಸ್ತರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಇದರ ನಕಲು ಕೊಡ್ತೀನ್ರಿ. ಆದ್ರ ಇದನ್ನ ಒಯ್ದು ಕೊಟ್ರ ನೌಕರಿ ನಿಮ್ಮ ತಮ್ಮಗ ಅಲ್ಲ, ಸಾಹೇಬರ ಮಗಗ ಸಿಗ್ತೈತಿ. ತಿದ್ದುಪಡಿ ಆಗ್ಬೇಕು. ಹಡದಾಕಿ ಒಬ್ಬಾಕಿ, ಕೊಂಡಾಕಿ ಒಬ್ಬಾಕಿ, ಇಬ್ರೂ ತಹಶೀಲ್ದಾರರ ಮುಂದ ಬಂದು ಹೇಳ್ಬೇಕು. ಮುಂದಿನ ಬುಧವಾರ ಕರಕೊಂಡು ಬರ್ರಿ."

ಹೊರಗೆ ಬಂದಾಗ ತಮ್ಮ, "ಹಂಗಾರ ನಾ ಯಾರ ಪೈಕಿ ಅಕ್ಕ? ರಂಜಾನಕ್ಕ ಒಂದು, ದೀಪಾವಳಿಗೆ ಒಂದು, ಎರಡು ಹೊಸ ಅಂಗಿ ಬರಬೇಕಿತ್ತಲ್ಲ" ಎಂದ. ನನಗೆ ನಗು ಬರಲಿಲ್ಲ. ನಾನು ದಿನ ಎಣಿಸುತ್ತಿದ್ದೆ. ಹನ್ನೊಂದು ದಿನ ಆಗಲೇ ಹೋಗಿದ್ದವು.

ಬೂಬಮ್ಮ ಒಪ್ಪಲು ಒಂದು ಮಾತೂ ಬೇಕಾಗಲಿಲ್ಲ. "ಹುಡುಗ್ಗ ಒಳ್ಳೇದಾಗೋದಿದ್ರ ನಾ ಎಲ್ಲಿಗಾದ್ರೂ ಬರ್ತೀನಿ ಬೇಟಿ. ಅವ್ವನ್ನ ಕೇಳಿದೇನು ನೀನು?" ಎಂದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ. ಆಮೇಲೆ, "ನಾ ಹೇಳಂಗಿಲ್ಲ" ಎಂದಳು.

"ಯಾಕ?"

"ಕೊಟ್ಟ ಕೂಸದು. ಇಪ್ಪತ್ನಾಕು ವರ್ಷ ಬಾಯಾಗ ತಂದಿಲ್ಲ. ಈಗ ಕಚೇರ್ಯಾಗ ನಿಂತು ನನ್ನ ಮಗ ಅನ್ನಲೇನು?"

ಅದು ನಿಜ. ಅವಳು ಅವನನ್ನು ಎಂದೂ ಮಗನೇ ಎಂದು ಕರೆದವಳಲ್ಲ. ಊರವರ ಮುಂದೆ ಅವನು 'ಆಕಿ ಮಗ', ಮನೆಯೊಳಗೆ ಬರಿಯ 'ಏ ಹುಡುಗಾ'. ಜ್ವರ ಬಂದು ಬಡಬಡಿಸಿದ ರಾತ್ರಿಯಲ್ಲೂ ಅಷ್ಟೇ.

"ಅವ್ವಾ, ಸಾವು ಏನು ತಾಲ್ಲೂಕು ಕಚೇರಿ ಬುಕ್ಕು ಓದಿಕೊಂಡು ಬರ್ತೈತೇನು?"

"ಅದಕ್ಕ ಓದಾಕ ಬರಂಗಿಲ್ಲ ಅಂತ ನಿನಗ ಯಾರು ಹೇಳ್ಯಾರ?"

ನನಗೆ ಸಿಟ್ಟು ಬಂತು. ಮೊದಲಿನ ಎರಡು ಕೂಸುಗಳು ಹೋದದ್ದು ಒಂದಕ್ಕೆ ಹೊಕ್ಕುಳ ಕೆಟ್ಟು, ಇನ್ನೊಂದಕ್ಕೆ ಭೇದಿಯಾಗಿ ಎಂದೆ. ಈಗಾಗಿದ್ದರೆ ನಾನೇ ಉಳಿಸುತ್ತಿದ್ದೆ ಎಂದೆ. ಅದನ್ನು ಹೇಳಬಾರದಿತ್ತು. ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಎದ್ದು ಹೋದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಐದು ದಿನ ಹಾಗೇ ಕಳೆದವು. ತಮ್ಮ, "ಬಿಡು ಅಕ್ಕ, ಹಡಗಲಿ ಕಡೆ ಟ್ರಾಕ್ಟರ್ ಹೊಡಿಯಾಕ ಕರದಾರ, ಹೋಗ್ತೀನಿ" ಎನ್ನತೊಡಗಿದ. ಅವನು ಹಾಗೆ ಬಿಟ್ಟುಕೊಡುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಕೊನೆಗೆ ನಾನು ಅವ್ವನಿಗೆ ಒಂದು ಸುಳ್ಳು ಹೇಳಿದೆ. ಮಾತಾಡುವ ಕೆಲಸವೇ ಇಲ್ಲ, ಎಲ್ಲ ಬರೆದಿಟ್ಟಿರುತ್ತಾರೆ, ನೀನು ಹೆಬ್ಬೆಟ್ಟು ಒತ್ತಿದರೆ ಸಾಕು ಎಂದೆ. ಅವ್ವ ನನ್ನ ಕಡೆ ತಿರುಗಿದಳು. "ಬಾಯಿ ತಗಿಯೋದಿಲ್ಲಲ್ಲ?" ಎಂದಳು. ಇಲ್ಲ ಎಂದೆ. ತಹಶೀಲ್ದಾರರು ಬಾಯಿಮಾತಿನಲ್ಲೇ ಕೇಳುತ್ತಾರೆಂದು ಗುಮಾಸ್ತರು ನನಗೆ ಸ್ಪಷ್ಟವಾಗಿ ಹೇಳಿದ್ದರು.

ಬುಧವಾರ ನಾಲ್ವರೂ ಹೋದೆವು. ಬಸ್ಸಿನಲ್ಲಿ ಅವ್ವ, ಬೂಬಮ್ಮ ಒಂದೇ ಸೀಟಿನಲ್ಲಿ ಕುಳಿತು, ಬೂಬಮ್ಮನ ಅಡಕೆ ಚೀಲದಿಂದ ಎಲೆ ಹಾಕಿಕೊಂಡರು. ಹನ್ನೊಂದೂವರೆಗೆ ಒಳಗೆ ಕರೆದರು. ತಹಶೀಲ್ದಾರರು ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಮರ್ಯಾದೆಯಿತ್ತು. ಮೊದಲು ಬೂಬಮ್ಮನನ್ನು ಕೇಳಿದರು.

"ಹಡದದ್ದು ಈಕಿ ಸಾಹೇಬ್ರ. ನಾ ನುಚ್ಚು ಕೊಟ್ಟು ತಗೊಂಡೆ. ಶಾನುಭೋಗ್ರ ಆಳು ಬಂದಾಗ ಹಂಗ ಬರಸಿದ್ವಿ. ನಮ್ಮ ಮನಿಯವ್ರೂ ಹೂಂ ಅಂದ್ರು."

ಆಮೇಲೆ ಅವ್ವನ ಕಡೆ ತಿರುಗಿದರು. "ಇವನು ನಿಮ್ಮ ಮಗನೇನಮ್ಮಾ?"

ಅವ್ವ ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿದ್ದ ಮಸಿಪ್ಯಾಡಿನ ಕಡೆ ನೋಡಿದೆ.

ತಹಶೀಲ್ದಾರರು ಮತ್ತೆ ಕೇಳಿದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೂಬಮ್ಮ ಅವಳ ಮೊಣಕೈ ಹಿಡಿದು ಮೆಲ್ಲಗೆ, "ಅನ್ನು. ನಾ ಏನೂ ಅಂದ್ಕೊಳ್ಳಂಗಿಲ್ಲ" ಎಂದರು.

"ಹೌದ್ರಿ," ಎಂದಳು ಅವ್ವ ನೆಲ ನೋಡುತ್ತ. "ನನ್ನ ಮಗ."

ತಮ್ಮ ಬೆಳಗಿನಿಂದ ಏನಾದರೊಂದು ಚಾಷ್ಟಿ ಮಾಡಿ ನಗಿಸುತ್ತಲೇ ಇದ್ದವನು ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ.

ಹೆಬ್ಬೆಟ್ಟುಗಳಾದವು. ಬೂಬಮ್ಮ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತ, "ನಮ್ಮ ಮನಿಯವರ ಹೆಸರು ಹೊಡದು ಹಾಕ್ತೀರೇನ್ರಿ?" ಎಂದು ಕೇಳಿದರು. ಇಲ್ಲವಂತೆ. ಮೂಲ ಬರಹವನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಹಾಗೇ ಬಿಟ್ಟು, ಪಕ್ಕದ ಅಂಚಿನಲ್ಲಿ ಷರಾ ಬರೆದು ಸಹಿ ಹಾಕುತ್ತಾರೆ. ನಕಲಿನಲ್ಲೂ ಎರಡನ್ನೂ ಬರೆಯುತ್ತಾರೆ. ಬೂಬಮ್ಮನ ಮುಖ ಸ್ವಲ್ಪ ಹಗುರಾಯಿತು. ನನಗೂ ಒಂದು ದಾರಿ ಸಿಕ್ಕಂತಾಯಿತು. ಹೊರಗೆ ಜಗುಲಿಯಲ್ಲಿ ಕುಳಿತಿದ್ದ ಅವ್ವನಿಗೆ, "ನೋಡವ್ವಾ, ಬೂಬಮ್ಮನ ಮಗ ಅಂತ ಬರದದ್ದು ಹಂಗ ಐತಿ. ಅಳಿಸೋದಿಲ್ಲ" ಎಂದೆ.

"ಬರದದ್ದು ಹಂಗ ಐತಿ," ಎಂದಳು ಅವ್ವ. "ಅಂದದ್ದು?"



ಅಂದು ಸಂಜೆ ಅವ್ವ ಒಲೆ ಹೊತ್ತಿಸಿ ಮೂರು ಜನರ ಬದಲು ಇಬ್ಬರಿಗೆ ಅಡುಗೆ ಮಾಡಿದಳು. ತಮ್ಮ ಕೈಕಾಲು ತೊಳೆದು ಬಂದು ಕುಳಿತಾಗ, "ನಿನ್ನ ಊಟ ಅಲ್ಲೈತಿ, ಬೂಬಮ್ಮನ ಮನ್ಯಾಗ. ಹೇಳಿ ಬಂದೀನಿ" ಎಂದಳು. ಅವನು ನಗುತ್ತ ಎದ್ದು ಹೋದ, ಒಂದು ಹೊತ್ತಿನ ಮಾತೆಂದು ತಿಳಿದು. ಮರುದಿನ ಬೆಳಿಗ್ಗೆಯೂ ಅದೇ ಮಾತು. ಅವನ ಹಾಸಿಗೆ, ಚೊಂಬು, ತಾಟು, ಎರಡು ಅಂಗಿ ಎಲ್ಲವನ್ನೂ ಅವಳೇ ಒಯ್ದು ಆ ಮನೆಯಲ್ಲಿ ಇಟ್ಟು ಬಂದಳು. ಬಾಯಿಂದ ಹಿಂದಕ್ಕೆ ತೆಗೆದುಕೊಂಡದ್ದನ್ನು ಕೈಯಿಂದ ಕೊಟ್ಟುಬಿಟ್ಟಳು. ನಾನು ಜಗಳವಾಡಿದೆ. ಬೂಬಮ್ಮ ಬಂದು ಕೈ ಹಿಡಿದು ಕೇಳಿಕೊಂಡರು. ಅವ್ವ, "ಮೊದಲು ಹೆಸರಿಗೆ ಕೊಟ್ಟಿದ್ದೆ, ನಡೀತು. ಈಗ ಕಚೇರ್ಯಾಗ ತಪ್ಪು ಮಾತಾಡೀನಿ. ಈಗ ಖರೇನ ಕೊಡಬೇಕು" ಎಂದಳು.

ನಕಲು ಬಂತು. ಗಡುವಿಗೆ ನಾಲ್ಕು ದಿನ ಇರುವಾಗ ಅದನ್ನು ಕೊಟ್ಟು ಬಂದೆ. ಅಲ್ಲಿನ ಅಧಿಕಾರಿ ಎರಡು ಸಲ ಓದಿ, ಅಂಚಿನ ಷರಾದ ಮೇಲೆ ಬೆರಳಾಡಿಸಿ, ಆದೇಶಕ್ಕೆ ಸಹಿ ಹಾಕಿದರು. ತಮ್ಮನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸವಾಯಿತು. ನಾನು ಹಿಡಿದ ಕೆಲಸ ಮುಗಿದಿತ್ತು. ಡೈರಿಯಲ್ಲಿ ಅದರ ಎದುರು ಗೆರೆ ಎಳೆದೆ.

ಅವನು ಹೊರಟ ಬೆಳಿಗ್ಗೆ ಬೂಬಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟು, ಬಸ್ಸು ನಿಲ್ಲುವ ಜಾಗದವರೆಗೆ ಅವನ ಟ್ರಂಕಿನ ಒಂದು ಹಿಡಿ ತಾವೇ ಹಿಡಿದು ನಡೆದರು. ನಾನು ಅವ್ವನನ್ನು ಕರೆಯಲು ಮನೆಯೊಳಗೆ ಬಂದೆ. ಅವಳು ಕಾಳು ಹಸನು ಮಾಡುತ್ತ ಕುಳಿತಿದ್ದಳು.

"ಅವ್ವಾ, ಹೊಂಟಾನ. ಬಾ."

"ಬೂಬಮ್ಮ ಹೋಗ್ಯಾಳಲ್ಲ?"

"ಹೋಗ್ಯಾಳ."

"ಮತ್ತ ಸಾಕು," ಎಂದಳು. ಬಸ್ಸು ಹಾರ್ನ್ ಹೊಡೆದದ್ದು ಇಬ್ಬರಿಗೂ ಕೇಳಿತು. ಅವಳ ಕೈ ಕಾಳಿನ ಮೇಲೆ ಓಡಾಡುತ್ತಲೇ ಇತ್ತು, ಕಲ್ಲು ಯಾವುದು ಕಾಳು ಯಾವುದು ಎಂದು ನೋಡದೆ.