ಅತ್ತೆಯ ಸಂಘ, ಮಾವನ ಸಂಘ

ನನ್ನ ಅತ್ತೆ ಮನಶ್ಶಾಸ್ತ್ರಜ್ಞೆ. ಮಾವನೂ ಅದೇ. ಸಂಬಂಧ ಕುದುರಿದಾಗ ಇದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಮಾತಾಡಿದರೆ ಏನು ತಿಳಿದುಕೊಳ್ಳುತ್ತಾರೋ, ಸುಮ್ಮನಿದ್ದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ಭಯ. ಆಮೇಲೆ ಗೊತ್ತಾಯಿತು, ಅವರಿಗೆ ನನಗಿಂತ ದೊಡ್ಡ ಚಿಂತೆಯೊಂದಿತ್ತು: ಸಂಘ.

ದೇಶದ ಮನಶ್ಶಾಸ್ತ್ರಜ್ಞರಿಗೆಲ್ಲ ಮೊದಲು ಇದ್ದದ್ದು ಒಂದೇ ಸಂಘ. ಕಟ್ಟಿದವರು ಕಾಲೇಜಿನ ಪ್ರಯೋಗಾಲಯದವರು. ಇಲಿ ಓಡಿಸಿ, ಗಡಿಯಾರ ನೋಡಿ ಬರೆದುಕೊಳ್ಳುವವರು. ಮಾವ ಆ ಪೈಕಿ. ಮನೆಯಲ್ಲಿ ಆ ಗುಂಪಿಗೆ 'ಇಲಿಯವರು' ಎಂದೇ ಹೆಸರು. ಆಮೇಲೆ ಸೇರಿಕೊಂಡವರು ಆಸ್ಪತ್ರೆಯವರು. ರೋಗಿಯ ಎದುರು ಕೂತು ಕೇಳುವವರು. ಅತ್ತೆ ಈ ಕಡೆ. ಇಲಿಯವರು ಇವರನ್ನು 'ಸಮಾಧಾನ ಇಲಾಖೆ' ಎಂದು ಆಡಿಕೊಳ್ಳುತ್ತಿದ್ದರು. ಇವರು ತಿರುಗಿ ಏನೂ ಅನ್ನುತ್ತಿರಲಿಲ್ಲ. ಅದೇ ಇಲಿಯವರಿಗೆ ಹೆಚ್ಚು ಉರಿಯುತ್ತಿತ್ತು.

ಸಂಘದಲ್ಲಿ ಇಲಿಯವರು ಮಾಡಿದ ನಿಯಮವೊಂದಿತ್ತು. ನಿರ್ಣಯ ಓದಿದ ಮೇಲೆ ಯಾರೂ ಬಾಯಿ ಬಿಡದಿದ್ದರೆ ಅಂಗೀಕಾರವಾದಂತೆ. ಒಂದು ವಾರ್ಷಿಕ ಸಭೆಯಲ್ಲಿ, ಸಂಘದ ಪತ್ರಿಕೆಯಲ್ಲಿ ಯಾರಿಗೆಷ್ಟು ಪುಟ ಎಂಬ ಜಗಳಕ್ಕೆ ರೋಸಿಹೋಗಿ, ಅಧ್ಯಕ್ಷರಾಗಿದ್ದ ಮಾವ "ಹಾಗಾದ್ರೆ ಆಸ್ಪತ್ರೆಯವರು ಬೇರೆ ಸಂಘ ಮಾಡ್ಕೊಳ್ಳಲಿ, ಇದೇ ನಿರ್ಣಯ" ಎಂದುಬಿಟ್ಟರು. ಆಸ್ಪತ್ರೆಯವರಿಗೆ ಕಲಿಸಿರುವುದೇ ಬೇರೆ: ಸಿಟ್ಟಿನಲ್ಲಿರುವವರ ಎದುರು ಮಾತು ತುಂಬಬಾರದು, ಕಾದರೆ ಒಳಗಿರುವುದು ತಾನೇ ಹೊರಗೆ ಬರುತ್ತದೆ. ಅವರೆಲ್ಲ ಮಾವನನ್ನು ಕರುಣೆಯಿಂದ ನೋಡುತ್ತ ಕಾದರು. ಅತ್ತೆ ತಲೆ ಸ್ವಲ್ಪ ಓರೆ ಮಾಡಿಕೊಂಡು ಕಾದರು. ಕಾರ್ಯದರ್ಶಿ ಗಡಿಯಾರ ನೋಡಿ 'ಅಂಗೀಕಾರ' ಎಂದು ಬರೆದುಕೊಂಡ.

ಹೀಗೆ ಸಂಘ ಎರಡಾಯಿತು. ಒಂದೇ ಮಹಡಿ, ಎದುರುಬದುರು ಬಾಗಿಲು, ಎರಡು ಬೋರ್ಡು. ಶೌಚಾಲಯದ ಬೀಗದ ಕೈ ಮಾತ್ರ ಒಂದೇ. ಅದನ್ನು ಕೇಳಲು ಬಾಗಿಲು ತಟ್ಟುವುದಷ್ಟೇ ಸಂಘಗಳ ನಡುವಿನ ಸಂಪರ್ಕ. ಆಸ್ಪತ್ರೆಯವರು ಬುದ್ಧಿ ಕಲಿತು, ತಮ್ಮಲ್ಲಿ ಬಾಯಿಬಿಟ್ಟು 'ಆಗಲಿ' ಅನ್ನಲೇಬೇಕೆಂದು ನಿಯಮ ಮಾಡಿಕೊಂಡರು. ಮನೆಯಲ್ಲಿ ಅತ್ತೆ ಮಾವ ಇಬ್ಬರೂ ಚೆನ್ನಾಗಿಯೇ ಇದ್ದರು. ಸಂಘದ ಸುದ್ದಿ ಬಂದರೆ ಮಾತ್ರ ಮಾವ ಸುಮ್ಮನಾಗುವರು, ಅತ್ತೆ ಕಾಯುವರು. ನಾನು ಜ್ವರವೇನೋ ಎಂದು ನನ್ನ ಮಗುವಿನ ಹಣೆ ಮುಟ್ಟಿ ನೋಡುತ್ತ ಅಡುಗೆಮನೆ ಸೇರುತ್ತಿದ್ದೆ.

ನಿವೃತ್ತಿಗೆ ಮುಂಚೆ ಸಂಘವನ್ನು ಮತ್ತೆ ಒಂದು ಮಾಡಬೇಕೆಂಬುದು ಅತ್ತೆಯ ಹಟ. "ಕಾಯ್ತಾ ಕೂತು ಒಡೆದವರಲ್ಲಿ ನಾನೂ ಒಬ್ಬಳು ಕಣಮ್ಮ" ಎಂದಿದ್ದರು. ವರ್ಷಗಟ್ಟಲೆ ಎರಡೂ ಬಾಗಿಲು ತಟ್ಟಿ ಕೊನೆಗೆ ಜಂಟಿ ಸಭೆ ಸೇರಿಸಿದರು. ಅಧ್ಯಕ್ಷತೆ ಅವರದೇ. ಮಗುವಿಗೆ ನೆಗಡಿ; ಮನೆಯಲ್ಲಿ ಒಬ್ಬಳೇ ಇರಲು ಧೈರ್ಯ ಸಾಲದೆ ಅದನ್ನೆತ್ತಿಕೊಂಡು ನಾನೂ ಹೋದೆ. ಫ್ಯಾನಿನ ಕೆಳಗಲ್ಲದ ಜಾಗ ಹುಡುಕಿ ಬಾಗಿಲ ಪಕ್ಕ ಕೂತೆ.

ಎರಡೂ ಸಂಘ ಒಂದಾಗತಕ್ಕದ್ದು ಎಂಬ ನಿರ್ಣಯವನ್ನು ಅತ್ತೆ ಓದಿದರು. ಇಲಿಯವರು ಸುಮ್ಮನೆ ಕೂತರು. ಅವರ ಪ್ರಕಾರ ಅದು ಒಪ್ಪಿಗೆ. ಆಸ್ಪತ್ರೆಯವರೂ ಸುಮ್ಮನೆ ಕೂತರು. ಎದುರಿನವರು ಮೊದಲು ಮನಸ್ಸು ಬಿಚ್ಚಲಿ ಎಂದು. ಈ ಸಭೆಗೆ ಯಾರ ನಿಯಮವೆಂದು ಯಾರೂ ತೀರ್ಮಾನಿಸಿರಲಿಲ್ಲ. ಯಾರೋ ಕೆಮ್ಮಲು ಹೊರಟು, ಅದಕ್ಕೂ ಅರ್ಥ ಕಟ್ಟಿಬಿಟ್ಟಾರೆಂದು ನುಂಗಿಕೊಂಡರು. ಅತ್ತೆಯ ತಲೆ ಮೆಲ್ಲಗೆ ಓರೆಯಾಯಿತು. ಕೆಲಸ ಮುಗಿಯಿತೆಂದು ಇಲಿಯವರು ಪೆನ್ನು ಜೇಬಿಗೆ ಸಿಕ್ಕಿಸಿಕೊಳ್ಳತೊಡಗಿದರು. ಒಂದು ಮಾತೂ ಆಡದೆ ಹೊರಟರಲ್ಲ ಎಂದು ಆಸ್ಪತ್ರೆಯವರ ಮುಖ ಇಳಿಯಿತು.

ಅತ್ತೆ ಕತ್ತು ನೆಟ್ಟಗೆ ಮಾಡಿದರು.

"ರೀ" ಎಂದರು, ಮೈಕಿನಲ್ಲಿ.

ಸಭೆಯಲ್ಲಿದ್ದ ಗಂಡಸರೆಲ್ಲ ತಲೆಯೆತ್ತಿದರು.

"ಎರಡನೇ ಸಾಲು. ಕನ್ನಡಕ ಒರೆಸ್ತಾ ಇರೋರು. ಆಗ್ಲಿ ಅಂತೀರೋ, ಬೇಡ ಅಂತೀರೋ?"

"ಆಗ್ಲೇ ಒಪ್ಕೊಂಡೆನಲ್ಲ" ಎಂದರು ಮಾವ.

"ಯಾವಾಗ?"

"ನೀನು ಓದಿದ ಕೂಡಲೇ. ಸುಮ್ನೆ ಕೂತಿದ್ನಲ್ಲ."

"ನನಗೆ ಕೇಳಿಸ್ಲಿಲ್ಲ."

"ಊರವರ ಮನಸ್ಸೆಲ್ಲಾ ಕೇಳಿಸುತ್ತೆ."

"ನಿಮ್ಮದು ಕೇಳಿಸಲ್ಲ ರೀ. ಕಾದು ಕಾದು ಸಾಕಾಗಿದೆ. ಬಾಯಲ್ಲಿ ಹೇಳಿ."

ಮಾವ ಕನ್ನಡಕ ಹಾಕಿಕೊಂಡು ಎದ್ದು ನಿಂತರು. "ಆಗಲಿ. ಸಂಘ ಒಡೆದ ದಿನಾನೂ ಯಾರಾದ್ರೂ ಬೇಡ ಅನ್ಲಿ ಅಂತಲೇ ಕಾಯ್ತಿದ್ದೆ."

"ಅದನ್ನ ಈಗ ಹೇಳ್ತಿದ್ದೀರಾ?"

"ನೀನು ಕೇಳಿದ್ದೇ ಈಗ."

ಇಲಿಯವರ ಸಾಲುಗಳಿಂದ ಒಂದೊಂದೇ 'ಆಗಲಿ' ಹೊರಟಿತು. ಆಸ್ಪತ್ರೆಯವರು ಅವರೆಲ್ಲ ಮುಗಿಸುವ ತನಕ ಕಾದು, ಆಮೇಲೆ ಒಟ್ಟಿಗೆ ಹೇಳಿದರು.

ಮನೆಗೆ ಬರುವಾಗ ಕಾರಿನಲ್ಲಿ ಇಬ್ಬರೂ ತುಟಿ ಬಿಚ್ಚಲಿಲ್ಲ. ಈ ಮೌನ ಯಾವ ಬಗೆಯದೋ ಎಂದು ನನಗೆ ದಿಗಿಲು. ತಡೆಯಲಾರದೆ ಕೇಳಿಯೇಬಿಟ್ಟೆ: "ಯಾಕೆ ಇಬ್ಬರೂ ಸುಮ್ನಿದ್ದೀರಿ?"

"ಹಸಿವು" ಎಂದರು ಇಬ್ಬರೂ.