ಟೋರ್ಲೈವ್ ಮತ್ತು ಸುರಂಗದ ಹಾರ್ನ್

ನನ್ನ ಗಂಡ ಟೋರ್ಲೈವ್ ಬಸ್ ಓಡಿಸುತ್ತಿದ್ದ. ಎಲ್ಲಾದರೂ ಬೆಂಕಿ ಬಿದ್ದರೆ ಬಸ್ ನಿಲ್ಲಿಸಿ ಆರಿಸಲು ಓಡುತ್ತಿದ್ದ. ನಮ್ಮೂರ ಅಗ್ನಿಶಾಮಕರೆಲ್ಲ ಹಾಗೇ, ಬೇರೆ ಕಸುಬಿನವರು. ಅವರು ಸುರಂಗದೊಳಗೆ ಹೋದಾಗ ಒಬ್ಬ ಸುರಂಗದ ಬಾಯಿಯ ಬಳಿ ಹಾರ್ನ್ ಹಿಡಿದು ನಿಲ್ಲುತ್ತಿದ್ದ. ಗಾಳಿ ಬದಲಾಗಿ ಹೊಗೆ ಒಳಗಿದ್ದವರ ಕಡೆ ತಿರುಗಿದರೆ ಊದುತ್ತಿದ್ದ, ಅವರು ಹೊರಗೆ ಓಡಿ ಬರುತ್ತಿದ್ದರು.

ಡಿಜಿಟಲ್ ರೇಡಿಯೊ ಬಂದ ದಿನ ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ಹಾಲ್ವಾರ್ಡ್ ಕೇಕ್ ಕತ್ತರಿಸಿದ. "ಇನ್ನು ನಾರ್ವೆಯ ಯಾವ ಮೂಲೆಗಾದ್ರೂ ಕೇಳ್ಸುತ್ತೆ. ಆ ಹಾರ್ನ್ ಮ್ಯೂಸಿಯಮ್ಮಿಗೆ ಕಳಿಸ್ರಪ್ಪ" ಅಂದ. ಎಲ್ಲರೂ ನಕ್ಕರು, ಟೋರ್ಲೈವ್ ಕೂಡ.

ಮಾರ್ಚ್‌ನಲ್ಲಿ ಸುರಂಗದೊಳಗೆ ಮೀನಿನ ಲಾರಿ ಹೊತ್ತಿಕೊಂಡಿತು. ಹೊಗೆ ತಿರುಗಿತು. ಹೊರಗಿನವರು ರೇಡಿಯೊದಲ್ಲಿ ಎಷ್ಟು ಕೂಗಿದರೂ ಬಂಡೆಯೊಳಗೆ ಒಂದು ಮಾತೂ ಹೋಗಲಿಲ್ಲ. ಟೋರ್ಲೈವ್‌ನನ್ನು ಹೊತ್ತು ತಂದರು.

ಮಣ್ಣು ಮಾಡಿದ ವಾರಕ್ಕೆ ಹಾಲ್ವಾರ್ಡ್ ನನ್ನ ಅಡುಗೆಮನೆಗೆ ಬಂದು ಕೂತ.

"ಅವನ ಬಟ್ಟೆ ಜೊತೆ ಮನೆಗೆ ಬಂದ ರೇಡಿಯೊ ಬೇಕಿತ್ತು, ಗುನ್ವೋರ್. ಅದು ಸರ್ಕಾರದ್ದು."

"ತಗೊಂಡೋಗು. ದೇಶಕ್ಕೆಲ್ಲ ಕೇಳ್ಸುತ್ತೆ ಅಂದ್ಯಲ್ಲ, ನಮ್ಮ ಸುರಂಗ ಯಾವ ದೇಶದ್ದು?"

"ಸುರಂಗಕ್ಕೆ ಆಂಟೆನಾ ಹಾಕೋದು ಮುಂದಿನ ಹಂತದಲ್ಲಿತ್ತು."

"ಹಾಗಾದ್ರೆ ಹಾರ್ನ್ ಊದೋನನ್ನ ಈ ಹಂತದಲ್ಲೇ ಯಾಕೆ ತೆಗೆದೆ?"

ಅವನು ಒಲೆಯ ಮೇಲಿದ್ದ ಕಾಫಿಯ ಕಡೆ ನೋಡಿದ. ನಮ್ಮಲ್ಲಿ ಜಗಳಾಡಿದವರಿಗೂ ಕಾಫಿ ಕೊಡದೆ ಕಳಿಸುವುದಿಲ್ಲ. ನಾನು ಪಾತ್ರೆ ಎತ್ತಿ, ಅವನು ನೋಡುತ್ತಿರುವಂತೆಯೇ ಅಷ್ಟನ್ನೂ ಸಿಂಕಿಗೆ ಸುರಿದೆ.