ಸೋಮಿ ಅಜ್ಜಿಯ ಮನೆಗೆ ಹೊಸ್ತಿಲಿತ್ತು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಅಂಕೋಲೆಯ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಮಾಸ್ತರ ನಾನು. ಯಾರಾದರೂ ‘ಅಲ್ಲೇನೋ ಇದೆ’ ಅಂದರೆ ‘ಪಿತ್ತ ಹೆಚ್ಚಾಗಿದೆ, ಮಜ್ಜಿಗೆ ಕುಡಿ’ ಎನ್ನುತ್ತಿದ್ದೆ. ಈಗ ನನ್ನದೇ ಕಥೆ ಹೇಳಬೇಕಾಗಿದೆ. ನಂಬಿ ಎಂದು ಬೇಡಿಕೊಳ್ಳಲು ತ್ರಾಣವಿಲ್ಲ.

ನಿವೃತ್ತನಾದ ಮೇಲೆ, ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವ ಹಾಗೆ, ಒಂದು ಕೆಲಸ ಮೈಮೇಲೆ ಎಳೆದುಕೊಂಡೆ. ನೌಕಾನೆಲೆಗೆಂದು ಖಾಲಿಯಾದ ಕಡಲ ಬದಿಯ ಪುಟ್ಟ ಊರೊಂದರ ಚರಿತ್ರೆ ಬರೆಯುವುದು. ಯಾವ ಮನೆ ಎಲ್ಲಿತ್ತು, ಯಾರು ಏನು ಬೆಳೆಯುತ್ತಿದ್ದರು, ಯಾವ ಬಾವಿಯ ನೀರು ಸಿಹಿ, ಇಂಥದ್ದೆಲ್ಲ. ಆ ಊರಿನವರು ಈಗ ಅಮದಳ್ಳಿ ಕಡೆಯ ಕಾಲನಿಯಲ್ಲಿದ್ದಾರೆ. ಎರಡು ವರ್ಷ ಬಸ್ಸು ಹತ್ತಿ ಇಳಿದು ನನ್ನ ಸೊಂಟ ಹೋಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲವೆನ್ನುವುದು, ನಾನು ಹೊಡೆದುಹಾಕಿ ಮತ್ತೆ ಬರೆಯುವುದು. ಅಂತೂ ಮನೆಗಳ ಪಟ್ಟಿಯನ್ನು ಹಿರಿಯರು ಒಪ್ಪಿದರು.

ಒಪ್ಪದವಳು ಸೋಮಿ ಅಜ್ಜಿ ಒಬ್ಬಳೇ. ಪಟ್ಟಿಯಲ್ಲಿ ಅವಳ ಮನೆ ಇರಲಿಲ್ಲ.

“ಅದು ಮನೆಯಲ್ಲ ಮಾಸ್ತರೇ, ದನದ ಕೊಟ್ಗೆ. ಗಂಡ ಹೆಂಡ್ತಿ ಅಲ್ಲೇ ಉಳ್ಕಂಡಿದ್ರು ಅಷ್ಟೇಯ,” ಎಂದರು ಹಿರಿಯರು.

ಅಜ್ಜಿ ಉರಿದುಬಿದ್ದಳು. “ಕೊಟ್ಗೆಗೆ ಯಾರಾದ್ರೂ ಹೊಸ್ಲು ಇಡ್ತಾರನ್ರಾ? ನಮ್ಮನೆಗೆ ಹೊಸ್ಲಿತ್ತು. ಅಕ್ಕಿ ಸೇರು ಒದ್ದು ಒಳಗೆ ಬಂದೋಳು ನಾನು. ನಾಳೆ ನಾ ಸತ್ರೆ, ಸೋಮಿ ಕೊಟ್ಗೇಲಿ ಬಾಳ್ವೆ ಮಾಡಿದ್ಳು ಅಂತ ಬರೀತ್ರಾ?”

ಪಾಪ ಅನ್ನಿಸಿತು. ಆದರೆ ಪುರಾವೆ ಬೇಕಲ್ಲ! ಬಿಟ್ಟುಬಿಡುವುದೆಂದೇ ನಿಶ್ಚಯಿಸಿದ್ದೆ.

ವರ್ಷಕ್ಕೊಮ್ಮೆ ಹಳೇ ಊರಿನ ದೇವರಿಗೆ ಹಣ್ಣುಕಾಯಿ ಮಾಡಿಸಲು ನೌಕಾನೆಲೆಯವರು ಪಾಸು ಕೊಟ್ಟು ಒಳಗೆ ಬಿಡುತ್ತಾರೆ. ಆ ಸಲ ನಾನೂ ಹೋದೆ. ಪೂಜೆ ಮುಗಿದದ್ದೇ ಅಜ್ಜಿ ನನಗೆ ಚಪ್ಪಲಿ ಮೆಟ್ಟಲೂ ಬಿಡದೆ ಕೈಹಿಡಿದು ಎಳೆದೊಯ್ದಳು. ಮಟಮಟ ಮಧ್ಯಾಹ್ನ. ಎದುರಿಗೆ ಬಟಾಬಯಲು, ಯಂತ್ರ ಓಡಿಸಿ ಸಮ ಮಾಡಿದ ಮರಳು ನೆಲ. ಅಜ್ಜಿ ಒಂದು ಕಡೆ ಸೀರೆ ಎತ್ತಿ ಹಿಡಿದು, ಕಾಲೆತ್ತಿ ಏನನ್ನೋ ದಾಟಿದಳು.

“ಹೊಸ್ಲು. ನೋಡ್ಕಂಡು ದಾಟ್ರಾ,” ಎಂದಳು.

ಇದೊಂದು ನಾಟಕ ಬಾಕಿಯಿತ್ತು ಎಂದು ಗೊಣಗುತ್ತ ಕಾಲೆಳೆದುಕೊಂಡು ನಡೆದೆ. ಬಲಗಾಲಿನ ಹೆಬ್ಬೆರಳು ಫಟ್ಟನೆ ಏನಕ್ಕೋ ಬಡಿಯಿತು. ಅಯ್ಯಯ್ಯೋ ಎಂದು ಅಲ್ಲೇ ಕೂತುಬಿಟ್ಟೆ. ಉಗುರು ಎದ್ದು ರಕ್ತ ಬರುತ್ತಿತ್ತು. ಮೊಣಕೈ ಮುಳುಗುವಷ್ಟು ಕೆದಕಿ ನೋಡಿದೆ. ಕಲ್ಲಿಲ್ಲ, ಬೇರಿಲ್ಲ, ಮರಳಡಿ ಬರೀ ಮರಳು. ಹೆದರಿಬಿಟ್ಟೆ, ಸುಳ್ಳೇಕೆ ಹೇಳಲಿ? ಅಜ್ಜಿಯನ್ನು ಅಲ್ಲೇ ಬಿಟ್ಟು ಕುಂಟುತ್ತ ದೇವಸ್ಥಾನಕ್ಕೆ ವಾಪಸಾದೆ.

ನರ ಸೆಳೆದಿರಬೇಕು ಎಂದರು ಡಾಕ್ಟರು. ನರ ಸೆಳೆದರೆ ಉಗುರು ಏಳುತ್ತದೆಯೇ? ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಪುಸ್ತಕದಲ್ಲಿ ಅವಳ ಮನೆ ಸೇರಿಸಿದೆ. ಪುರಾವೆ ಎಲ್ಲಿ ಎಂದು ಹಿರಿಯರು ಜಗಳಕ್ಕೇ ಬಂದರು. ಬೈಸಿಕೊಂಡೆ, ಆದರೆ ಆ ಸಾಲು ತೆಗೆಯಲಿಲ್ಲ.

ಅಚ್ಚಾದ ಪುಸ್ತಕ ಕೊಡಲು ಹೋದಾಗ ಅಜ್ಜಿ, ಓದು ಬಾರದವಳು, ತನ್ನ ಮನೆ ಯಾವ ಸಾಲಿನಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಅಂಗೈಯಿಟ್ಟಳು. ತಡೆಯಲಾರದೆ, ಅವತ್ತು ನನ್ನ ಕಾಲಿಗೆ ಬಡಿದದ್ದೇನು ಎಂದು ಕೇಳಿಯೇಬಿಟ್ಟೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಹೊಸ್ಲಲ್ಲೇ ಕೂತು ಹಂಗೇ ತಿರ್ಗಿ ಹೋದ್ರಲ್ರಾ ಮಾಸ್ತರೇ,” ಎಂದಳು ಬೇಜಾರಿನಿಂದ. “ನಾ ಒಳಗೆ ಒಲೆ ಹಚ್ಚಿದ್ದೆ. ಒಂದ್ ಲೋಟ ಚಾನಾದ್ರೂ ಕುಡ್ಕಂಡು ಹೋಗ್ಬೌದಿತ್ತು.”